ಅಜ್ಜಿಗೆ ಹೇಳಿದ ನಾಲ್ಕು ದಿನದ ಸುಳ್ಳು

ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಕೋಲಾರದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮಾರನೇ ದಿನವೇ ಊರಲ್ಲಿ ಅವರ ಸೀಮೆ ಹಸು ಹೊಟ್ಟೆ ಉಬ್ಬರಿಸಿ ಸತ್ತುಹೋಯಿತು.

"ಈಗಲೇ ಹೇಳಬೇಡ, ಮೊದಲೇ ಬಿಪಿ" ಅಂದರು ಚಿಕ್ಕಪ್ಪ. ನನಗೂ ಸರಿ ಅನ್ನಿಸಿತು.

ಅಜ್ಜಿ ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಕೇಳ್ತಿದ್ದದ್ದು ಎರಡೇ. ಹಸುಗೆ ಬೂಸಾ ಇಟ್ರಾ? ಡೈರಿಗೆ ಎಷ್ಟು ಹಾಲು ಹೋಯ್ತು? "ಇಟ್ರು ಅಜ್ಜಿ, ಆರು ಲೀಟರ್" ಅಂತಿದ್ದೆ. ಮುಖ ಅರಳೋದು, ಒಂದು ಇಡ್ಲಿ ಜಾಸ್ತಿ ತಿನ್ನೋರು.

ರಾತ್ರಿ ಅವರ ಮಂಚದ ಪಕ್ಕ ಚಾಪೆ ಹಾಸಿ ಮಲಗಿದರೆ ಡಿಗ್ರಿಯಲ್ಲಿ ಓದಿದ್ದು ನೆನಪಾಗೋದು. ಯಾವುದರಿಂದ ಒಟ್ಟು ಸುಖ ಜಾಸ್ತಿಯೋ ಅದೇ ಸರಿ ಅಂದಿದ್ದ ಇಂಗ್ಲೆಂಡಿನ ತತ್ವಜ್ಞಾನಿ ಬೆಂಥಾಮ್. ಆ ಲೆಕ್ಕದಲ್ಲಿ ನಾನು ಮಾಡುತ್ತಿದ್ದದ್ದು ಸರಿಯೇ ಇತ್ತು. ಆದರೆ 1974ರಲ್ಲಿ ರಾಬರ್ಟ್ ನೋಜಿಕ್ ಅನ್ನೋ ಅಮೆರಿಕದ ತತ್ವಜ್ಞಾನಿ ಒಂದು ಪ್ರಶ್ನೆ ಎತ್ತಿದ್ದ: ನಿನಗೆ ಬೇಕಾದ ಅನುಭವವನ್ನೆಲ್ಲ ನಿಜ ಅನ್ನಿಸೋ ಹಾಗೆ ತಲೆಯೊಳಗೆ ಹುಟ್ಟಿಸೋ ಒಂದು ಯಂತ್ರ ಇದ್ದರೆ, ಬದುಕಿಡೀ ಅದಕ್ಕೆ ತಗುಲಿಕೊಂಡು ಇರ್ತೀಯಾ? ನಾನಂತೂ ಒಪ್ಪಲ್ಲ. ಹಾಗಿದ್ದಮೇಲೆ ಅಜ್ಜಿಯನ್ನು ಒಂದು ಮಾತೂ ಕೇಳದೆ ಅಂಥದ್ದರಲ್ಲಿ ಕೂರಿಸಿದ್ದೀನಲ್ಲ ಅಂತ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು.

ಆದರೂ ಬಾಯಿ ಬಿಡಲಿಲ್ಲ. ನಾಲ್ಕನೇ ದಿನ ಹಾಲಿನ ಫ್ಯಾಟ್, ಅಂದ್ರೆ ಕೊಬ್ಬಿನಂಶ, ಎಷ್ಟು ಬಂತು ಅಂತ ಕೇಳಿದರು. ಇನ್ನಷ್ಟು ಖುಷಿಯಾಗಲಿ ಅಂತ "4.2" ಅಂದೆ.

ಅಜ್ಜಿ ಕೈಯಲ್ಲಿದ್ದ ಇಡ್ಲಿ ತಟ್ಟೆಗಿಟ್ಟರು. "ಅದು 3.6 ಯಾವತ್ತೂ ದಾಟಿಲ್ಲ. ಏನಾಯ್ತು ಹೇಳಪ್ಪ."

ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡು ತುಂಬಾ ಹೊತ್ತು ಅತ್ತರು. ನರ್ಸ್ ಬಂದು ನೋಡಿದಾಗ ಬಿಪಿ ಸ್ವಲ್ಪ ಏರಿತ್ತು, ನಿಜ. ಆಮೇಲೆ ಅಂದರು: "ಸತ್ತಿರೋ ಹಸುಗೆ ಬೂಸಾ ಇಟ್ರಾ ಅಂತ ದಿನಾ ಕೇಳ್ದೆನಲ್ಲೋ. ನೀನೂ ಹೂಂ ಅಂತ ಕೂತಿದ್ಯಲ್ಲೋ."

ಹಸು ಸತ್ತಿದ್ದಕ್ಕಿಂತ ಅದೇ ಅವರಿಗೆ ಜಾಸ್ತಿ ನೋವಾಗಿತ್ತು. ಆಪರೇಷನ್ ಆದ ಮರುದಿನವೇ ಹೇಳಿಬಿಡಬೇಕಿತ್ತು ಅಂತ ನಾನು ಈಗಲೂ ಅನ್ನಲ್ಲ. ಒಂದು ದಿನ ಸುಮ್ನಿರೋದು ಬೇರೆ, ದಿನಾ ಲೀಟರ್ ಲೆಕ್ಕ ಹುಟ್ಟಿಸಿ ಹೇಳೋದು ಬೇರೆ, ಅಲ್ವಾ? ನಾನು ಕೊಟ್ಟ ಖುಷಿಯಲ್ಲಿ ಅವರ ಹಸುವೇ ಇರಲಿಲ್ಲ. ಹದಿನಾಲ್ಕು ವರ್ಷ ಮೈ ತೊಳೆದು ಸಾಕಿದ ಹಸುವಿಗೆ ಅಳೋ ನಾಲ್ಕು ದಿನವನ್ನು ನಾನು ಅವರಿಂದ ಕಿತ್ತುಕೊಂಡಿದ್ದೆ.

"ಎಲ್ಲಿ ಹೂತ್ರಿ?"

"ಹೊಂಗೆ ಮರದ ಹತ್ರ."

"ಕೊರಳ ಗಂಟೆ ಬಿಚ್ಚಿಟ್ಟವ್ರಾ?"

"ಗೊತ್ತಿಲ್ಲ ಅಜ್ಜಿ" ಅಂದೆ. ಚಿಕ್ಕಪ್ಪನಿಗೆ ಫೋನ್ ಮಾಡಿ ಅವರ ಕೈಗೇ ಕೊಟ್ಟೆ.