ಬೋರ್ಡಿನ ಮೇಲೆ ಬರೆದ ಹೆಸರು

ಸಂವಿಧಾನ ಪಾಠ ಮಾಡುತ್ತಿದ್ದ ನಮ್ಮ ಮೇಡಂ ರಾಜ್ಯಸಭೆಯ ಅಧ್ಯಾಯಕ್ಕೆ ಬಂದ ದಿನ ವಿಧಿಗಳನ್ನು ಬರೆಸುವ ಬದಲು ಬೋರ್ಡಿನ ಮೇಲೆ ಒಂದು ಹೆಸರು ಬರೆದರು: ವಯಲೆಟ್ ಆಳ್ವ. ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಆಗಿನ ಮೈಸೂರು ರಾಜ್ಯದಿಂದ ಆಯ್ಕೆಯಾಗಿದ್ದವರು, ನಿಮಗೇ ಗೊತ್ತಿಲ್ಲ ಅಂದ್ರೆ ಹೇಗ್ರಮ್ಮ?" ಎಂದು ಮೇಡಂ ನೊಂದುಕೊಂಡರು. ಆ ದಿನ ಪಾಠ ಮುಂದೆ ಸಾಗಲಿಲ್ಲ, ಕಥೆ ಸಾಗಿತು.

1908ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ಹುಡುಗಿ. 16ನೇ ವಯಸ್ಸಿಗೆ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡಳು. ಒಡಹುಟ್ಟಿದವರ ಆಸರೆಯಲ್ಲಿ ಮುಂಬಯಿಯಲ್ಲಿ ಓದಿ ವಕೀಲೆಯಾದಳು. ಸ್ವಾತಂತ್ರ್ಯ ಹೋರಾಟಗಾರ ಜೋಕಿಂ ಆಳ್ವರ ಕೈಹಿಡಿದರು. 1943ರಲ್ಲಿ ಬ್ರಿಟಿಷ್ ಸರ್ಕಾರ ಬಂಧಿಸಿದಾಗ ಎಳೆಗೂಸನ್ನೂ ಎತ್ತಿಕೊಂಡೇ ಆರ್ಥರ್ ರೋಡ್ ಜೈಲಿಗೆ ಹೋದರು. ಮರುವರ್ಷ ಹೈಕೋರ್ಟಿನ ಪೂರ್ಣಪೀಠದ, ಅಂದರೆ ಹಲವು ನ್ಯಾಯಮೂರ್ತಿಗಳು ಒಟ್ಟಿಗೆ ಕೂರುವ ಪೀಠದ ಮುಂದೆ ವಾದ ಮಂಡಿಸಿದರು. ದೇಶದಲ್ಲಿ ಹಾಗೆ ವಾದಿಸಿದ ಮೊದಲ ವಕೀಲೆ ಅವರೇ. ಇದನ್ನು ಹೇಳುವಾಗ ಮೇಡಂ ಹುಡುಗಿಯರ ಬೆಂಚುಗಳ ಕಡೆಗೇ ತಿರುಗಿ ನಿಂತಿದ್ದರು.

1952ರಲ್ಲಿ ಗಂಡ ಲೋಕಸಭೆಗೆ, ಹೆಂಡತಿ ರಾಜ್ಯಸಭೆಗೆ. 1957ರಲ್ಲಿ ಗೃಹ ಖಾತೆಯ ಉಪಸಚಿವೆ. 1962ರಲ್ಲಿ ರಾಜ್ಯಸಭೆಯ ಉಪಸಭಾಪತಿ, ಆ ಪೀಠದಲ್ಲಿ ಕೂತ ಮೊದಲ ಮಹಿಳೆ. 1969ರ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟರು, ಅದೇ ತಿಂಗಳು ತೀರಿಕೊಂಡರು.

ಸಾಮಾನ್ಯ ಜ್ಞಾನದ ಪುಸ್ತಕಗಳಿಗೆ ಇಷ್ಟು ಸಾಕು. ನನಗೆ ಸಾಲದು. 1948ರಿಂದ 1954ರವರೆಗೆ ಅವರು ಮುಂಬಯಿಯ ಬಾಲ ನ್ಯಾಯಾಲಯದ ಅಧ್ಯಕ್ಷೆಯಾಗಿದ್ದರು. ಸಂಸದೆಯಾದ ಮೇಲೂ ಬಿಡಲಿಲ್ಲ. ಅವರ ಬದುಕಿನಲ್ಲಿ ನಾನು ಅತಿ ಹೆಚ್ಚು ಗೌರವಿಸುವುದು ಈ ಕೆಲಸವನ್ನು. ನಾನೀಗ ಅಪರಾಧದ ಆರೋಪ ಹೊತ್ತ ಮಕ್ಕಳ ವಿಚಾರಣೆ ನಡೆಸುವ ಬಾಲನ್ಯಾಯ ಮಂಡಳಿಯ ಮುಂದೆ ಅವರ ಪರ ಹಾಜರಾಗುತ್ತೇನೆ. ಅಲ್ಲಿ ಎತ್ತರದ ಪೀಠವಿಲ್ಲ, ಕಟಕಟೆಯಿಲ್ಲ. ಪೊಲೀಸರು ಸಮವಸ್ತ್ರವಿಲ್ಲದೆ ಬರಬೇಕು. ಆದರೂ ಹೆಸರು ಕೇಳಿದರೆ ಹುಡುಗ ತಲೆ ಎತ್ತುವುದಿಲ್ಲ, ಅಂಗಿಯ ತುದಿ ಹಿಂಡುತ್ತಾ ಕೂರುತ್ತಾನೆ. ಅವನು ಬಾಯಿಬಿಡುವವರೆಗೆ ಕಾಯುವುದೇ ಅರ್ಧ ವಕಾಲತ್ತು. ಈ ಹಾದಿ ಹಿಡಿಯಲು ಮೇಡಂ ಹೇಳಿದ ಆ ಕಥೆಯೇ ಕಾರಣ.

ನಮ್ಮ ಕಾಲೇಜಿನ ಅಣಕು ನ್ಯಾಯಾಲಯ ಸ್ಪರ್ಧೆಯಲ್ಲಿ ಉತ್ತಮ ವಾದ ಮಂಡಿಸುವ ವಿದ್ಯಾರ್ಥಿನಿಗೆ ವಯಲೆಟ್ ಆಳ್ವರ ಹೆಸರಿನಲ್ಲಿ ಬಹುಮಾನ ಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘವನ್ನು ಕೋರಿದ್ದೇನೆ. ಒಪ್ಪಿದರೆ ದತ್ತಿಯ ಹಣ ನನ್ನದು.