ಪಂಪ್ ನಿಲ್ಲಿಸಿದ ಮೇಲೆ ಬರುವ ರಿಪೋರ್ಟ್

ಹಳೇ ಕಾರ್ಖಾನೆಗಳಿದ್ದ ಜಾಗದಲ್ಲಿ ಮಣ್ಣು, ಅಂತರ್ಜಲ ಶುದ್ಧ ಮಾಡುವುದು ನನ್ನ ಕೆಲಸ. ಹೊಸದಾಗಿ ಸೇರಿದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಕೆಟ್ಟ ಅಂತರ್ಜಲವನ್ನು ಮೇಲೆತ್ತುವ ಪಂಪ್ ಓಡುತ್ತಿರುವಾಗ ಬರುವ ಲ್ಯಾಬ್ ರಿಪೋರ್ಟನ್ನು ಪೂರ್ತಿ ನಂಬಬೇಡಿ.

ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯಲು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕವನ್ನೇ ತಗೊಳ್ಳಿ. ಪೆಟ್ರೋಲ್ ಸೋರಿದರೆ ಅಂತರ್ಜಲದ ಮೇಲೆ ತೇಲುತ್ತದೆ. ಇದು ಹಾಗಲ್ಲ, ಲೀಟರಿಗೆ ಸುಮಾರು 1.46 ಕೆ.ಜಿ. ತೂಗುತ್ತದೆ. ನೀರಿನೊಳಗೇ ಇಳಿದು ಹೋಗಿ, ಜೇಡಿಮಣ್ಣಿನ ಪದರ ಸಿಕ್ಕಲ್ಲಿ ಮಡುಗಟ್ಟುತ್ತದೆ. ಅಮೆರಿಕದಲ್ಲಿ ಕುಡಿಯುವ ನೀರಿಗೆ ಇದರ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಲೆಕ್ಕ ಹಾಕಿ ನೋಡಿ, ಒಂದೇ ಒಂದು ಲೀಟರ್ ದ್ರಾವಕ ಸುಮಾರು 29 ಕೋಟಿ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು!

ಪಂಪ್ ಹಾಕಿದಾಗ ನೀರು ಬರುವುದು ಹೆಚ್ಚಾಗಿ ಮರಳಿನ ಪದರದಿಂದ. ಅಲ್ಲಿ ಹರಿವು ಸಲೀಸು. ವಿಷದ ಪ್ರಮಾಣ ಬೇಗ ಇಳಿಯುತ್ತದೆ, ಎಲ್ಲರಿಗೂ ಖುಷಿ. ಆದರೆ ದಶಕಗಳ ಕಾಲ ಜೇಡಿಮಣ್ಣಿಗೆ ಇಂಗಿದ್ದು ಅಲ್ಲೇ ಕೂತಿರುತ್ತದೆ. ಪಂಪ್ ನಿಲ್ಲಿಸಿ ಕೆಲವು ತಿಂಗಳು ಬಿಟ್ಟರೆ ಅದು ನಿಧಾನಕ್ಕೆ ಮರಳಿಗೆ ವಾಪಸ್ ಬರುತ್ತದೆ, ರಿಪೋರ್ಟಿನ ಅಂಕಿ ಮತ್ತೆ ಏರುತ್ತದೆ. ನಾವು ಇದಕ್ಕೆ ರೀಬೌಂಡ್ ಅನ್ನುತ್ತೇವೆ.

ಅದಕ್ಕೇ ಕೆಲಸ ಮುಗಿಯಿತು ಅನ್ನುವ ಮೊದಲು ಪಂಪ್ ನಿಲ್ಲಿಸಿ ಕಾಯಬೇಕು. ಮಳೆಗಾಲ, ಬೇಸಿಗೆ ಎರಡರಲ್ಲೂ ಸ್ಯಾಂಪಲ್ ತೆಗೆಯಬೇಕು. ಜಾಗದ ಮಾಲೀಕರಿಗೆ ಇದು ಸುಮ್ನೆ ಕಾಲಹರಣ ಅನ್ನಿಸುತ್ತದೆ. ಅವರ ಅವಸರವೂ ಅರ್ಥವಾಗುವಂಥದ್ದೇ, ಅಲ್ವಾ? ಬಾವಿಯ ನೀರಷ್ಟೇ ಸಾಲದು, ಕೊರೆದು ತೆಗೆದ ಜೇಡಿಮಣ್ಣನ್ನೂ ತುಂಡು ತುಂಡು ಮಾಡಿ ಪರೀಕ್ಷಿಸಿ. ಈ ಖರ್ಚಿಗೆ ಮಾತ್ರ ನಾನು ಯಾವತ್ತೂ ಚೌಕಾಸಿ ಒಪ್ಪುವುದಿಲ್ಲ.

ಜೇಡಿಮಣ್ಣಲ್ಲಿ ಜಾಸ್ತಿ ಉಳಿದಿದ್ದರೆ ವರ್ಷಗಟ್ಟಲೆ ಪಂಪ್ ಓಡಿಸಿ ಪ್ರಯೋಜನ ಕಡಿಮೆ. ಕಾಕಂಬಿ ಅಥವಾ ಅಡುಗೆ ಎಣ್ಣೆಯಂಥದ್ದನ್ನು ನೆಲದೊಳಗೆ ಇಳಿಸಿ ಬ್ಯಾಕ್ಟೀರಿಯಾ ಬೆಳೆಸುವ ದಾರಿಯೂ ಇದೆ. ಡಿಹ್ಯಾಲೋಕಾಕಾಯ್ಡಿಸ್ ಅನ್ನುವ ಬ್ಯಾಕ್ಟೀರಿಯಾ ದ್ರಾವಕದ ಕ್ಲೋರಿನ್ನನ್ನು ಒಂದೊಂದಾಗಿ ಕಿತ್ತು ಹಾಕುತ್ತದೆ. ಇಲ್ಲೂ ಒಂದು ತೊಡಕಿದೆ. ನಡುವೆ ಹುಟ್ಟುವ ವಿನೈಲ್ ಕ್ಲೋರೈಡ್ ಮೊದಲಿನದಕ್ಕಿಂತ ಕೆಟ್ಟದ್ದು, ಅಮೆರಿಕದಲ್ಲಿ ಅದರ ಮಿತಿ ಬರೀ 2 ಮೈಕ್ರೋಗ್ರಾಂ. ಟ್ರೈಕ್ಲೋರೋಎಥಿಲೀನ್ ಇಳಿದಿದೆ ಎಂದು ನಿಲ್ಲಿಸಬೇಡಿ. ಕ್ಲೋರಿನ್ನೆಲ್ಲ ಹೋದ ಮೇಲೆ ಕೊನೆಗೆ ಬರಬೇಕಾದ ಎಥೀನ್ ನಿಜವಾಗಿ ಬಂದಿದೆಯೇ ಅಂತಲೂ ಲ್ಯಾಬಿಗೆ ಹೇಳಿ ಪರೀಕ್ಷೆ ಮಾಡಿಸಿ.