ಹೊಗೆ, ಬೆಂಕಿ, ಕೊಳೆರೋಗ

15 ಜೂನ್ 2025, ಭಾನುವಾರ

ಮಳೆ ಬಿಡಲಿಲ್ಲ. ಈ ಸಲ ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತು, ತಿಂಗಳು ಮುಗಿಯುವುದರೊಳಗೆ ನಮ್ಮ ಕಡೆಯೂ ಹಿಡಿದುಕೊಂಡಿತು. ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ಬಾರದಂತೆ ಮೊದಲ ಸಲದ ಔಷಧಿ ಹೊಡೆಯಲು ಆಗದೆ ಉಳಿದವರೇ ಊರಲ್ಲಿ ಹೆಚ್ಚು. ನಮ್ಮದು ಅರ್ಧ ತೋಟ ಆಗಿದೆ. ಇನ್ನರ್ಧಕ್ಕೆ, ಮರ ಹತ್ತಿ ಕೊನೆಗಳಿಗೆ (ಅಡಿಕೆ ಗೊನೆಗಳಿಗೆ) ಔಷಧಿ ಹೊಡೆಯುವ ಕೊನೆಗೌಡರು ಹೊಳವಾಗಲಿ ಎಂದು ಕಾಯುತ್ತಿದ್ದಾರೆ.

ಕೆಲಸ ನಿಂತದ್ದರಿಂದ ಭಾನುವಾರದ ಜಗುಲಿ ಮಾತಿಗೆ ಇವತ್ತು ಎಲ್ಲರೂ ಬಂದರು. ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನವನ್ನು ಸ್ವಲ್ಪಸ್ವಲ್ಪವಾಗಿ ವಿವರಿಸುತ್ತಾರೆ. ನಾವು ಅದರೊಳಗೆ ಅಡಿಕೆ ರೇಟು, ಕ್ರಿಕೆಟ್ಟು, ಮಂಡಿನೋವು ಎಲ್ಲವನ್ನೂ ತೂರಿಸುತ್ತೇವೆ. ಅವರು ಬೇಡ ಅನ್ನುವುದಿಲ್ಲ. ತರ್ಕ ಕಲಿಯಬೇಕಾದರೆ ನಮಗೆ ನಿಜಕ್ಕೂ ಬೇಕಾದ ವಿಷಯದ ಮೇಲೇ ಕಲಿಯಬೇಕು ಎಂಬುದು ಅವರ ಮತ. ನನಗೂ ಹಾಗೇ ಅನ್ನಿಸುತ್ತದೆ. ನಿನ್ನೆ ಲಾರ್ಡ್ಸ್‌ನಲ್ಲಿ ದಕ್ಷಿಣ ಆಫ್ರಿಕ ಟೆಸ್ಟ್ ವಿಶ್ವ ಚಾಂಪಿಯನ್‌ಶಿಪ್ ಗೆದ್ದದ್ದರಿಂದಲೇ ಶುರುವಾಯಿತು. ಇಷ್ಟು ವರ್ಷ ಕಡೇ ಗಳಿಗೆಯಲ್ಲಿ ಸೋತವರು ಇನ್ನು ಮುಂದೆಯೂ ಸೋಲುತ್ತಾರೆ ಎಂದು ನಾವೆಲ್ಲ ಯಾವ ಆಧಾರದ ಮೇಲೆ ನಂಬಿದ್ದೆವು?

ಅಷ್ಟರಲ್ಲಿ ಆಚೆಮನೆ ಭಾವ ಪೇಟೆಯಿಂದ ತಂದ ಔಷಧಿ ಪೊಟ್ಟಣ ತೋರಿಸಿದರು. ಕೊಳೆಗೆ ನಾವೆಲ್ಲ ಹೊಡೆಯುವುದು ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ. "ಹೋದ ವರ್ಷ ಬೋರ್ಡೋ ಬಿಟ್ಟು ಇದನ್ನೇ ಹೊಡೆಸಿದೆ. ಒಂದು ಕೊನೆಗೂ ಕೊಳೆ ಬರಲಿಲ್ಲ. ಇನ್ನೇನು ಸಾಕ್ಷಿ ಬೇಕು ಮೇಷ್ಟ್ರೇ?"

ಮೇಷ್ಟ್ರು ಬೆಟ್ಟದ ಹೊಗೆಗೆ ಹೋದರು. ನ್ಯಾಯದರ್ಶನದವರ, ಅಂದರೆ ನೈಯಾಯಿಕರ, ಹಳೆಯ ಉದಾಹರಣೆ ಅದು. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ. ಹೊಗೆಯಿದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬ ತಪ್ಪದ ನಂಟು, ಅಂದರೆ ವ್ಯಾಪ್ತಿ, ಇದಕ್ಕೆ ಆಧಾರ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆ ಇರುತ್ತದೆ ಎಂದು ತಿರುಗಿಸಿ ಹೇಳಲಾಗದು. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹೊಗೆ ಏಳುವುದಕ್ಕೆ ಹಸಿ ಕಟ್ಟಿಗೆ ಬೇಕು. ಹೀಗೆ ಲೆಕ್ಕಕ್ಕೆ ಬಾರದೆ ನಡುವೆ ನಿಂತು ಕೆಲಸ ಮಾಡುವ ಸಂಗತಿಗೆ ಉಪಾಧಿ ಎನ್ನುತ್ತಾರೆ. ಬಚ್ಚಲ ಒಲೆಗೆ ಮಳೆಗಾಲದಲ್ಲಿ ಸೌದೆ ಹಾಕಿದವರಿಗೆಲ್ಲ ಇದು ಗೊತ್ತು. ಆದರೆ ಗೊತ್ತಿರುವುದನ್ನು ಪ್ರಶ್ನೆಯಾಗಿ ಕೇಳುವ ಅಭ್ಯಾಸ ನಮಗಿಲ್ಲ.

"ಭಾವಾ, ಇಲ್ಲಿ ಹಸಿ ಕಟ್ಟಿಗೆ ಯಾವುದು?" ಎಂದು ನಾನು ಕೇಳಿದೆ.

ಉತ್ತರ ಕೊಟ್ಟವರು ಅತ್ತಿಗೆ. "ಪೊಟ್ಟಣ ಹೊಡೆಸಿದ ಮೇಲೆ ಇವರಿಗೆ ರಾತ್ರಿ ನಿದ್ದೆ ಬರಲಿಲ್ಲ. ವಾರದೊಳಗೆ ಕೊನೆಗಳಿಗೆಲ್ಲ ಕೊಟ್ಟೆ ಕಟ್ಟಿಸಿದರು."

ಕೊಟ್ಟೆ ಎಂದರೆ ಕೊನೆಗೆ ಕಟ್ಟುವ ಹೊದಿಕೆ. ಅದನ್ನು ಕಟ್ಟಿದ ಕೊನೆಗೆ ಮಳೆನೀರೇ ತಾಗುವುದಿಲ್ಲ. ಕೊಳೆ ತರುವ ಜೀವಿಯ ಬೀಜಕಣಗಳಿಗೆ ಈಜಿಕೊಂಡು ಹರಡಲು ನೀರು ಬೇಕೇ ಬೇಕು. ಹಾಗಿದ್ದ ಮೇಲೆ ಕಾಯಿ ಉಳಿಸಿದ್ದು ಪೊಟ್ಟಣವೋ ಕೊಟ್ಟೆಯೋ? ಭಾವ ಮಾತಾಡದೆ ಪೊಟ್ಟಣದ ಹಿಂದಿನ ಬರಹ ಓದತೊಡಗಿದರು.

ಉಪಾಧಿಗೆ ನೈಯಾಯಿಕರು ಕೊಡುವ ಇನ್ನೊಂದು ಉದಾಹರಣೆಯನ್ನು ಮೇಷ್ಟ್ರು ಹೇಳಿದಾಗ ಮಾತು ಬೇರೆ ಕಡೆ ತಿರುಗಿತು. ಮಿತ್ರೆ ಎಂಬವಳ ಮಕ್ಕಳೆಲ್ಲ ಕಪ್ಪು. ಆದ್ದರಿಂದ ಹೊಟ್ಟೆಯಲ್ಲಿರುವ ಕೂಸೂ ಕಪ್ಪಾಗಿಯೇ ಹುಟ್ಟುತ್ತದೆ ಎನ್ನಬಹುದೆ? ಬಾರದು ಎನ್ನುತ್ತಾರೆ ಅವರು. ಬಣ್ಣಕ್ಕೆ ಕಾರಣ ಮಿತ್ರೆಯ ಮಕ್ಕಳಾಗಿರುವುದಲ್ಲ, ಬಸುರಿಯಲ್ಲಿ ಆಕೆ ಸೊಪ್ಪು ತಿಂದದ್ದು. ಅದೇ ಇಲ್ಲಿ ಉಪಾಧಿಯಂತೆ!

ನನಗೆ ಇವತ್ತು ಅತ್ಯಂತ ಮುಖ್ಯ ಅನ್ನಿಸಿದ್ದು ಇದೇ. ಬಣ್ಣ ತಂದೆತಾಯಿಯರಿಬ್ಬರಿಂದಲೂ ಬರುತ್ತದೆ, ತಿಂದ ಸೊಪ್ಪಿನಿಂದಲ್ಲ. ತಪ್ಪು ಹುಡುಕುವ ವಿಧಾನ ಅಷ್ಟು ಚೊಕ್ಕವಾಗಿದ್ದರೂ ಅವರು ಕೈಯಿಟ್ಟು ತೋರಿಸಿದ ಉಪಾಧಿಯೇ ತಪ್ಪು. ಬೇಡವೆಂದು ತಳ್ಳಿದ ಕಾರಣವೇ ನಿಜಕ್ಕೆ ಹತ್ತಿರ ಇತ್ತು. ತರ್ಕದ ಚೌಕಟ್ಟು ಎಷ್ಟು ಗಟ್ಟಿಯಿದ್ದರೂ ಒಳಗೆ ಹಾಕುವ ಸಂಗತಿಯನ್ನು ಲೋಕದಲ್ಲಿ ನೋಡಿಯೇ ತರಬೇಕು, ಓದಿನಿಂದ ಹುಟ್ಟಿಸಲು ಬರುವುದಿಲ್ಲ. ಇದನ್ನು ಜೋರಾಗಿಯೇ ಹೇಳಿದೆ. ಏಕೆಂದರೆ ಅದೇ ನಂಬಿಕೆ ಇವತ್ತೂ ನಮ್ಮ ಅಡಿಗೆಮನೆಯ ಕೇಸರಿ ಡಬ್ಬಿಯಲ್ಲಿ ಕೂತಿದೆ. ಬಸುರಿಗೆ ಕೇಸರಿ ಹಾಲು ಕೊಟ್ಟರೆ ಮಗು ಬೆಳ್ಳಗೆ ಹುಟ್ಟುತ್ತದೆ ಎಂದು ನಂಬಿದ ಮನೆಯಲ್ಲಿ, ಕಪ್ಪಗೆ ಹುಟ್ಟಿದ ಹೆಣ್ಣುಮಗು ಏನೇನು ಕೇಳಿಸಿಕೊಂಡು ಬೆಳೆಯುತ್ತದೆ ಎಂದು ನೋಡಿದ್ದೇನೆ.

ಅತ್ತಿಗೆಯ ಮಗಳು ಈಗ ಆರು ತಿಂಗಳ ಬಸುರಿ. ಅತ್ತಿಗೆ ಸಿಟ್ಟಾಗಲಿಲ್ಲ. "ಬಣ್ಣಕ್ಕಲ್ಲ ಮಾರಾಯ್ರೇ, ಅವಳಿಗೆ ಬರೀ ಹಾಲು ಸೇರುವುದಿಲ್ಲ. ಎರಡು ಎಸಳು ಹಾಕಿದರೆ ಕುಡಿಯುತ್ತಾಳೆ." ಇದಕ್ಕಿಂತ ಒಳ್ಳೆಯ ಕಾರಣ ಬೇಡ. ಅವಳು ಕುಡಿದದ್ದು ಕಣ್ಣಿಗೆ ಕಾಣುತ್ತದೆ.

ಬೆಂಗಳೂರಿನಿಂದ ಬಂದು ಮನೆಯಿಂದಲೇ ಕೆಲಸ ಮಾಡುತ್ತಿರುವ ಭಾವನ ಮಗ, ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವ ಚಾರ್ವಾಕರ ಪರ ಹಿಡಿದ. ಅವರ ಆಕ್ಷೇಪ 14ನೆಯ ಶತಮಾನದ ಮಾಧವಾಚಾರ್ಯರ ಸರ್ವದರ್ಶನಸಂಗ್ರಹದ ಮೊದಲ ಅಧ್ಯಾಯದಲ್ಲಿದೆ. ಒಪ್ಪದವರು ಬರೆದದ್ದಾದರೂ ಅದು ಬಲವಾಗಿಯೇ ಇದೆ. ಹೊಗೆಯಿದ್ದಲ್ಲೆಲ್ಲ ಬೆಂಕಿ ಎಂದು ಹೇಳಲು ಕಣ್ಣು ಸಾಲದು, ಹಿಂದಿನದನ್ನೂ ಮುಂದಿನದನ್ನೂ ಅದು ಕಾಣದು. ಅನುಮಾನದಿಂದ, ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ, ಸಾಧಿಸುತ್ತೇನೆ ಎಂದರೆ ಆ ಅನುಮಾನಕ್ಕೆ ಇನ್ನೊಂದು ವ್ಯಾಪ್ತಿ ಬೇಕು, ಅದಕ್ಕೆ ಮತ್ತೊಂದು. "ಹಾಗಾದರೆ ಪೊಟ್ಟಣವೂ ಸುಳ್ಳು, ಬೋರ್ಡೋವೂ ಸುಳ್ಳು. ಕೊಟ್ಟೆ ಮಾತ್ರ ಯಾಕೆ ನಿಜ?" ಎಂದು ಕೇಳಿದ.

10ನೆಯ ಶತಮಾನದ ನೈಯಾಯಿಕ ಉದಯನಾಚಾರ್ಯರ ಉತ್ತರವನ್ನು ಮೇಷ್ಟ್ರು ಶ್ಲೋಕ ಸಮೇತ ಹೇಳಿದರು. ನೀನು ಮಾಡುವ ಕೆಲಸಕ್ಕೇ ವಿರುದ್ಧವಾಗುವ ತನಕ ಮಾತ್ರ ಶಂಕೆ ನಡೆಯುತ್ತದೆ ಎಂಬುದು ಅದರ ಸಾರ. ಊಟದಿಂದ ಹಸಿವು ಹೋಗುತ್ತದೆಯೋ ಇಲ್ಲವೋ ಎಂದು ಶಂಕೆ ಪಡುವವನೂ ಹಸಿದಾಗ ಎಲೆ ಮುಂದೆ ಕೂರುತ್ತಾನೆ. 12ನೆಯ ಶತಮಾನದಲ್ಲಿ ನೈಯಾಯಿಕರನ್ನು ಖಂಡಿಸಿದ ಶ್ರೀಹರ್ಷ ಅದೇ ಶ್ಲೋಕವನ್ನು ತಿರುಗಿಸಿ, ವಿರೋಧ ಇದೆ ಎಂದಮೇಲೆ ಶಂಕೆಯೂ ಇದೆ ಎಂದೇ ಆಯಿತಲ್ಲ ಎಂದು ಕೇಳಿದ. ಮಾತಿನ ಮಟ್ಟಿಗೆ ಶ್ರೀಹರ್ಷನೇ ಗೆದ್ದ. ಉದಯನರು ತೋರಿಸಿದ್ದು ಶಂಕೆ ಹಿಡಿದುಕೊಂಡು ಬದುಕಲಾಗದು ಎಂಬುದನ್ನೇ ಹೊರತು ಅನುಮಾನ ಖಚಿತ ಎಂಬುದನ್ನಲ್ಲ. ಆದರೂ ನಾನು ಉದಯನರ ಕಡೆ. ತೋಟ ಇಟ್ಟುಕೊಂಡವರಿಗೆ ಖಚಿತವಾಗುವ ತನಕ ಕಾಯಲು ಮಳೆ ಬಿಡುವುದಿಲ್ಲ. ಅಲ್ಲದೆ ಅವರ ಮಾತಿನಲ್ಲಿ ಒಳ್ಳೆಯ ಒರೆಗಲ್ಲೊಂದಿದೆ. ನಾವು ಏನು ನಂಬಿದ್ದೇವೆ ಎಂಬುದು ಮಾತಿನಲ್ಲಿ ಅಲ್ಲ, ಮಾಡಿದ್ದರಲ್ಲಿ ಸಿಗುತ್ತದೆ. ಪೊಟ್ಟಣವನ್ನು ಭಾವ ನಿಜಕ್ಕೂ ನಂಬಿದ್ದರೆ ಕೊಟ್ಟೆಗೆ ದುಡ್ಡು ಹಾಕುತ್ತಿರಲಿಲ್ಲ.

ಹಾಗಾದರೆ ಬೋರ್ಡೋವನ್ನು ನಾವು ನಂಬುವುದು ಹೇಗೆ? ಅರ್ಧ ನಮ್ಮದೇ ಕಣ್ಣಿನಿಂದ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಹದ ಬಂತೋ ಎಂದು ಉಜ್ಜಿ ತೊಳೆದ ಕತ್ತಿ ಅದ್ದಿ ನೋಡುತ್ತೇವೆ. ಕೆಂಪಗೆ ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣ ಬೇಕು. ಉಳಿದರ್ಧ ಆಪ್ತವಾಕ್ಯ, ಅಂದರೆ ನಂಬಬಹುದಾದವರ ಮಾತು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್‌ಮನ್ ಮಲೆನಾಡಿನ ತೋಟಗಳನ್ನು ನೋಡಿ ಕೊಳೆಗೆ ಕಾರಣವಾದ ಜೀವಿಯನ್ನು ಗುರುತಿಸಿ 1910ರಲ್ಲಿ ಬರೆದರು. ದ್ರಾಕ್ಷಿಗೆಂದು ಫ್ರಾನ್ಸಿನಲ್ಲಿ ಹುಟ್ಟಿದ ದ್ರಾವಣವನ್ನು ಅಡಿಕೆಗೆ ಹಚ್ಚಿದ್ದೂ ಅವರೇ. ಕಂಡದ್ದನ್ನು ಕಂಡಂತೆ ತಿಳಿಸಬೇಕೆಂಬ ಮನಸ್ಸಿನವನು ಆಪ್ತ, ಋಷಿಯಾಗಲಿ ಆರ್ಯನಾಗಲಿ ಮ್ಲೇಚ್ಛನಾಗಲಿ ಲಕ್ಷಣ ಒಂದೇ ಎಂದು ನ್ಯಾಯಸೂತ್ರಗಳಿಗೆ ವಾತ್ಸ್ಯಾಯನರು ಬರೆದ ಭಾಷ್ಯದಲ್ಲಿದೆ. ಮೇಷ್ಟ್ರು ಇದನ್ನು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ಕೇಳಿ ನನಗೂ ಖುಷಿಯಾಯಿತು.

ಕಡೆಗೆ ಪೊಟ್ಟಣವನ್ನು ಪರೀಕ್ಷೆ ಮಾಡಿಯೇ ನೋಡುವುದೆಂದು ತೀರ್ಮಾನವಾಯಿತು. ಭಾವ ಮೇಲಿನ ತೋಟಕ್ಕೆ ಪೊಟ್ಟಣ, ಕೆಳಗಿನದಕ್ಕೆ ಬೋರ್ಡೋ ಎಂದರು. ಮೇಲೆ ಗಾಳಿ ಬೆಳಕು ಜಾಸ್ತಿ, ಕೆಳಗೆ ಬಸಿಗಾಲುವೆಯೇ ಸರಿಯಿಲ್ಲ. ಮತ್ತೆ ಉಪಾಧಿ ಎಂದು ಎಲ್ಲರೂ ಒಟ್ಟಿಗೇ ಕೂಗಿದೆವು. ಈಗ ಒಂದೇ ತೋಟದಲ್ಲಿ ಒಂದು ಸಾಲಿಗೆ ಅದು, ಪಕ್ಕದ ಸಾಲಿಗೆ ಇದು. ಕೊಟ್ಟೆ ಯಾವುದಕ್ಕೂ ಇಲ್ಲ. ಬೋರ್ಡೋದ ನೀಲಿ ಕಲೆ ಕೊನೆಯ ಮೇಲೆ ಕಾಣುವುದರಿಂದ ಯಾವ ಸಾಲಿಗೆ ಏನೆಂದು ಮುಚ್ಚಿಡಲಾಗದು. ಆದ್ದರಿಂದ ಉದುರಿದ ಕಾಯಿ ಎಣಿಸುವ ಕೆಲಸ ಕೊನೆಗೌಡರಿಗೆ. ಯಾವುದು ಗೆದ್ದರೂ ಅವರ ಕೂಲಿ ಒಂದೇ.

ಎಷ್ಟು ಉದುರಿದರೆ ಪೊಟ್ಟಣ ಬಿಡುತ್ತೀರಿ ಎಂಬುದನ್ನು ಈಗಲೇ ಬರೆದಿಡಿ ಎಂದು ಮೇಷ್ಟ್ರು ಹಟ ಹಿಡಿದರು. ಭಾವ ಬರೆದರು: "ಬೋರ್ಡೋ ಸಾಲಿನಷ್ಟೇ ಉದುರಿದರೂ ಸಾಕು, ಬಿಡುತ್ತೇನೆ. ಇದಕ್ಕೆ ದುಡ್ಡು ಹೆಚ್ಚು." ಒಂದು ಮಳೆಗಾಲ ಸಾಲದು, ಎರಡಾದರೂ ಬೇಕು ಎಂದ ಮಗ. ಎರಡು ವರ್ಷ ಕೊಟ್ಟೆಯಿಲ್ಲದೆ ಇರಲು ಭಾವ ಒಪ್ಪಿಲ್ಲ. ಅದು ಮುಂದಿನ ಭಾನುವಾರಕ್ಕೆ ಉಳಿದಿದೆ.